ತಟ್ಟೆಯಿಂದ ತನ್ನನ್ನೇ ಎತ್ತಿಹಾಕಿದ ಹುಳದವ್ವ

ಹೋದ ತಿಂಗಳು ನಮ್ಮ ಪಕ್ಕದ ಮನೆಯ ಅಜ್ಜಿ ತೀರಿಕೊಂಡಳು. ತೊಂಬತ್ತು ದಾಟಿತ್ತು, ಅಥವಾ ದಾಟುವುದರಲ್ಲಿತ್ತು. ಅವಳ ವಯಸ್ಸು ಅವಳ ಬಾಯಲ್ಲೇ ವರ್ಷಕ್ಕೊಂದು ಥರ ಇರುತ್ತಿತ್ತು. ಮಣ್ಣಿಗೆ ಕೊಳ್ಳೇಗಾಲದಿಂದ, ಹನೂರಿನಿಂದ, ಯಳಂದೂರಿನಿಂದ ನೆಂಟರು ಬಂದರು. ಬಂದವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಅಳಲಿಲ್ಲ. ಬಾಗಿಲ ಪಕ್ಕದ ಬಾನಿಯಿಂದ ನೀರು ಮೊಗೆದು ಕಾಲು ತೊಳೆದು, ಹೊಸ್ತಿಲ ಮುಂದೆ ಚೆಲ್ಲಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದರು. ಆ ಮನೆಯಲ್ಲಿ ರೇಷ್ಮೆ ಹುಳ ಸಾಕುವುದು ನಿಂತು ಎಷ್ಟೋ ವರ್ಷವಾಗಿದೆ. ಮಲಗಿರುವವಳು ಎದ್ದು ಬೈಯುವ ಹಾಗಿಲ್ಲ. ಆದರೂ ತೊಳೆದರು. ನಾನೂ ತೊಳೆದೆ. ಮಾಜಿ ಪಂಚಾಯ್ತಿ ಅಧ್ಯಕ್ಷರೊಬ್ಬರು ಹಾರ ಹಿಡಿದುಕೊಂಡು ಸೀದಾ ಒಳಗೆ ನುಗ್ಗಿದರು. ಅಜ್ಜಿಯ ಮುಖ ನೋಡಿ ಅದೇನನ್ನಿಸಿತೋ, ಹಾರ ಅಲ್ಲೇ ಯಾರದ್ದೋ ಕೈಗೆ ಕೊಟ್ಟು ಆಚೆ ಬಂದು ಕಾಲು ತೊಳೆದುಕೊಂಡು ಮತ್ತೆ ಹೋದರು.

ಅಜ್ಜಿಯ ಹೆಸರು ಬರೆಯುವುದಿಲ್ಲ. ಮೊಮ್ಮಕ್ಕಳು ಇದನ್ನು ಫೋನಿನಲ್ಲಿ ಓದುತ್ತಾರೆ. ಊರಲ್ಲೂ ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಹುಳದವ್ವ. ಸತ್ತವರ ಬಗ್ಗೆ ಬರೆಯುವಾಗ ಸ್ವಭಾವ ಹೂವಿನಂತೆ ಇತ್ತು ಅಂತೆಲ್ಲ ಬರೆಯುತ್ತಾರಲ್ಲ, ಅದು ನನ್ನ ಕೈಲಿ ಆಗುವುದಿಲ್ಲ. ಹುಳದವ್ವನ ಸ್ವಭಾವ ಸೀಗೆಕಾಯಿಯಂತೆ ಇತ್ತು. ಕಣ್ಣಿಗೆ ಬಿದ್ದರೆ ಉರಿ, ಆದರೆ ಕೊಳೆ ಹೋಗುತ್ತಿತ್ತು.

ನಾನು ಬರೆಯಹೊರಟಿರುವುದು ಅವಳು ಸಾಯಬೇಕಾಗಿದ್ದು ಸಾಯದೇ ಹೋದ ವರ್ಷದ ಕಥೆ. ನಾನು ಹುಟ್ಟುವುದಕ್ಕೆ ಬಹಳ ಮುಂಚಿನದು. ಅವಳ ಬಾಯಿಂದ ನೂರು ಸಲ ಕೇಳಿದ್ದೇನೆ, ಅವಳ ಗಂಡನ ಬಾಯಿಂದ ಹತ್ತು ಸಲ. ಇಬ್ಬರ ಮಾತು ತಾಳೆಯಾಗದ ಕಡೆಯಲ್ಲೆಲ್ಲ ಅವಳದನ್ನೇ ಬರೆದಿದ್ದೇನೆ. ನನಗೆ ಈಗಲೂ ಭಯವಿದೆ.

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಅವಳು ಯಳಂದೂರು ಪಕ್ಕದ ಮಾಂಬಳ್ಳಿಯ ಹುಡುಗಿ. ಮದುವೆಯಾಗಿ ಬಂದದ್ದು ಕೊಳ್ಳೇಗಾಲದ ಪಕ್ಕದ ನಮ್ಮ ಮಧುವನಹಳ್ಳಿಗೆ. ಎತ್ತಿನ ಗಾಡಿಗೆ ಅರ್ಧ ದಿನದ ದಾರಿ ಅಷ್ಟೆ. ಅವಳ ಮಾತು ಕೇಳಿದರೆ ಮಾತ್ರ ಹಡಗು ಹತ್ತಿ ಬಂದವಳ ಹಾಗೆ.

"ನಮ್ ಮೈಸೂರ್ ಸೀಮೆಲಿ ಉಳುಕ್ಕೆ ಸೊಪ್ಪಾಕಕ್ಕೂ ಒಂದು ಕ್ರಮ ಅದೆ. ಇಲ್ಲಿ ಮದ್ರಾಸಲ್ಲಿ ದನಕ್ಕೆ ಉಲ್ಲು ಎಸ್ದಂಗೆ ಎಸೀತಾರೆ" ಎಂದು ಬಂದ ಹೊಸತರಲ್ಲೇ ಅತ್ತೆಯ ಮುಂದೆ ಹೇಳಿದಳಂತೆ.

ಅತ್ತೆಯೂ ಕಮ್ಮಿಯವಳಲ್ಲ. "ಅಂಗಾರೆ ನಿಮ್ ಮಾರಾಜ್ರನ್ನೇ ಬಂದು ಸೊಪ್ಪಾಕಾಕ್ ಏಳಮ್ಮಿ. ನಾನು ಕೂತ್ಕಂಡು ನೋಡ್ತೀನಿ."

ಮಹಾರಾಜರು ಬರಲಿಲ್ಲ. ಎರಡು ಬೆಳೆ ಹುಳ ಗೂಡು ಕಟ್ಟುವಷ್ಟರಲ್ಲಿ ಹುಳದ ಮನೆಯ ಯಜಮಾನಿಕೆ ಸೊಸೆಯ ಕೈಗೆ ಬಂತು. ಬಂದದ್ದೇ ಕಾನೂನು ಶುರು. ಕಾಲು ತೊಳೆಯದೆ ಯಾರೂ ಒಳಗೆ ಬರಬಾರದು. ಹೊಗೆಸೊಪ್ಪು ಹಾಕಿದ ಬಾಯಿ ಒಳಗೆ ಬರಬಾರದು. ಒಗ್ಗರಣೆ ಹೊಗೆ ಆ ಕಡೆ ಹೋಗಬಾರದು. ಹೀಗಾಗಿ ಗಾಳಿ ತಿರುಗಿದ ದಿನ ಮನೆಯವರೆಲ್ಲ ಒಗ್ಗರಣೆ ಇಲ್ಲದ ಸಾರು ಉಣ್ಣಬೇಕು. ನೆಗಡಿ, ಕೆಮ್ಮು, ಜ್ವರ ಏನೇ ಇದ್ದರೂ, ಹೆತ್ತ ಮಗುವೇ ಆದರೂ, ಹುಳದ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಒಂದು ಬೆಳೆ ಮುಗಿದ ಮೇಲೆ ಬಿದಿರಿನ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟು, ಒಳಗೆ ಗಂಧಕದ ಹೊಗೆ ಹಾಕಿ, ಮೂಲೆ ಮೂಲೆಗೂ ಸುಣ್ಣ ಬಳಿಯಬೇಕು. ಅತ್ತೆ ಸುಣ್ಣ ಬಳಿದರೆ ಸೊಸೆ ಹಿಂದೆಯೇ ಬಂದು ಬೆರಳಿನಿಂದ ಮೂಲೆ ಕೆರೆದು ನೋಡುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಕಾನೂನು ರೋಗದ ಹುಳದ್ದು. ಊದಿಕೊಂಡು ಹಾಲಿನ ಬಣ್ಣಕ್ಕೆ ತಿರುಗಿ ತಟ್ಟೆಯ ಅಂಚಿನಲ್ಲಿ ಅಲೆಯುವ ಹುಳ ಒಂದು ಕಂಡರೂ ಎತ್ತಿ ಆಚೆಗೆ ಹಾಕಬೇಕು. ಅವಳ ಗಂಡ ಮೆದು ಮನಸ್ಸಿನ ಮನುಷ್ಯ. "ಒಂದು ದಿನ ನೋಡನ ಕಣಮ್ಮಿ, ಸರಿಯೋಯ್ತದೇನೋ" ಅನ್ನುತ್ತಿದ್ದರು. ಅದಕ್ಕೆ ಅವಳು ಹೇಳುತ್ತಿದ್ದ ಮಾತು ನಮ್ಮ ಊರಲ್ಲಿ ಗಾದೆಯೇ ಆಗಿಹೋಗಿದೆ:

"ಒಂದು ಉಳುಕ್ಕೆ ಅಯ್ಯೋ ಅಂದ್ರೆ ಮನೆ ಉಳವೆಲ್ಲಾ ಅಯ್ಯೋ ಅಂತವೆ."

ಹೀಗಿದ್ದವಳಿಗೆ ಸಂಜೆ ಹೊತ್ತು ಜ್ವರ ಬರತೊಡಗಿತು. ಆಗ ಅವಳಿಗೆ ಇಪ್ಪತ್ತೈದು ತುಂಬಿರಲಿಲ್ಲ. ಇಲ್ಲಿ ಅವಳು ಮಾಡಿಕೊಂಡ ಎಡವಟ್ಟನ್ನು ಹುಳ ಸಾಕುವವರು ಮಾತ್ರ ಮಾಡಿಕೊಳ್ಳಲು ಸಾಧ್ಯ. ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹುಳ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಕೂತದ್ದನ್ನು ಯಾರೂ ಮುಟ್ಟಬಾರದು. ತಾನಾಗಿಯೇ ಎದ್ದು ಮೊದಲಿಗಿಂತ ಜಾಸ್ತಿ ತಿನ್ನುತ್ತದೆ. ಹುಡುಗಿಯಾಗಿದ್ದಾಗಿನಿಂದ ಇದನ್ನೇ ನೋಡಿಕೊಂಡು ಬಂದವಳು, ಮನುಷ್ಯರ ಜ್ವರವೂ ಅಷ್ಟೇ ಅಂದುಕೊಂಡಿದ್ದಳು. ಸಂಜೆ ಮೈ ಕಾದರೆ ಜಗಲಿ ಮೇಲೆ ತಲೆ ಎತ್ತಿ ಕೂರುವುದು. ಯಾರಾದರೂ ಹಣೆ ಮುಟ್ಟಲು ಬಂದರೆ, "ಜ್ವರುಕ್ಕೆ ಕೂತಿವ್ನಿ, ಮುಟ್ಬೇಡಿ. ಎದ್ಮೇಲೆ ಎಲ್ಡರಷ್ಟು ಉಣ್ತೀನಿ."

ಎದ್ದಳು, ಉಣ್ಣಲಿಲ್ಲ. ವಾರಗಟ್ಟಲೆ ಇದೇ. ಮೈ ಕರಗಿತು, ಕಾಲು ಮಾತ್ರ ಊದಿತು. ಸೊಪ್ಪಿನ ಕುಕ್ಕೆ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಖಾಲಿ ಕುಕ್ಕೆಯನ್ನು ಬೋರಲು ಹಾಕಿ, ಅದನ್ನು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತರೆ ಮಾತ್ರ ಸ್ವಲ್ಪ ಉಸಿರು. ಅತ್ತೆ ಅವಳನ್ನು ಹನೂರಿನಲ್ಲಿದ್ದ ತನ್ನ ತಮ್ಮನ ಹತ್ತಿರ ಕರೆದುಕೊಂಡು ಹೋದಳು. ಅವನು ದೃಷ್ಟಿ ತಾಗಿದೆ ಎಂದು ದಾರ ಕಟ್ಟಿ ಕಳಿಸಿದ. ಅದರ ಬಗ್ಗೆ ಅವಳ ತೀರ್ಪು: "ದಾರ ಕಟ್ಟುಸ್ಕಂಡ್ ಬರಷ್ಟ್ರಲ್ಲಿ ಉಳ ಮೂರು ಊಟ ತಪ್ಪುಸ್ಕಂಡೊ."

ಕೊನೆಗೆ ಗಾಡಿ ಕಟ್ಟಿಕೊಂಡು ಕೊಳ್ಳೇಗಾಲದ ಒಬ್ಬ ಡಾಕ್ಟರ ಹತ್ತಿರ ಹೋದರು. ಕೊಯಮತ್ತೂರು ಕಡೆಯವರು. ಕನ್ನಡ ಬರುತ್ತಿತ್ತು, ಮಧ್ಯೆ ಮಧ್ಯೆ ತಮಿಳಿನ ಕಲ್ಲು ಸಿಕ್ಕುತ್ತಿತ್ತು. ಅವರು ಅವಳ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಕೊಳವೆ ಇಟ್ಟು ಕೇಳಿದರು. ಜಾಗ ಬದಲಾಯಿಸಿ ಕೇಳಿದರು. ಕೊಳವೆಯನ್ನೇ ಅಲ್ಲಾಡಿಸಿ ಮತ್ತೆ ಕೇಳಿದರು.

"ಏನಮ್ಮಾ ಇದು, ಸದ್ದೇ ಸರಿಯಾಗಿ ಕೇಳಲಿಲ್ಲ. ಎಲ್ಲೋ ದೂರದಲ್ಲಿ ಬಡೀತಾ ಇದೆ."

"ಮನೇಲಿ ನಾನ್ ಮಾತಾಡ್ವಾಗ ಬ್ಯಾರೆ ಯಾವ್ದೂ ಸದ್ ಮಾಡಂಗಿಲ್ಲ ಸಾ" ಅಂದಳಂತೆ ಅವಳು. ಗಂಡ ತಲೆ ಅಲ್ಲಾಡಿಸಿ ಒಪ್ಪಿದರಂತೆ.

ಡಾಕ್ಟರು ನಗಲಿಲ್ಲ. ಚೀಟಿ ಬರೆದು ಮೈಸೂರಿಗೆ ಕಳಿಸಿದರು. ಅಲ್ಲಿ ಎಕ್ಸ್‌ರೇ ತೆಗೆದರೆ ಹೃದಯ ಇರಬೇಕಾದ ಕಡೆ ನೀರು ತುಂಬಿದ ಮಡಕೆಯಂಥ ನೆರಳು. ಎದೆಗೂಡಿನ ಕೆಳಗಿನಿಂದ ಉದ್ದನೆಯ ಸೂಜಿ ಹಾಕಿ ನೀರು ತೆಗೆದರು. ಸೂಜಿ ಚುಚ್ಚಿದ್ದು ಇವಳಿಗೆ, ಪ್ರಜ್ಞೆ ತಪ್ಪಿ ಬಿದ್ದದ್ದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಂಡ. ನರ್ಸು ಇವಳನ್ನು ಬಿಟ್ಟು ಅವರಿಗೆ ನೀರು ಚಿಮುಕಿಸಲು ಓಡಿದಳು. "ನಂದು ನೀರು ತಗದ್ರು, ಅವ್ರ್ಗೆ ನೀರು ಆಕುದ್ರು" ಎಂದು ಅವಳು ಕಥೆ ಹೇಳುವಾಗ ಇಲ್ಲೊಂದು ಸಲ ನಿಲ್ಲಿಸಿ ಗಂಡನ ಕಡೆ ನೋಡುವುದು ವಾಡಿಕೆ.

ವಾಪಸ್ ಬಂದ ಮೇಲೆ ಕೊಳ್ಳೇಗಾಲದ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಹೃದಯದ ಸುತ್ತ ಒಂದು ತೆಳು ಚೀಲ ಇರುತ್ತದೆ. ಆ ಚೀಲಕ್ಕೆ ಕ್ಷಯ ಹತ್ತಿದೆ. ನೀರು ತುಂಬಿ ಹೃದಯವನ್ನು ಅಮುಕುತ್ತಿತ್ತು. ಈಗ ಇದಕ್ಕೆ ಹೊಸ ಔಷಧಿ ಬಂದಿದೆ. ಸೂಜಿ, ಮಾತ್ರೆ, ಒಂದು ಕೆಟ್ಟ ಪುಡಿ. ಒಂದು ವರ್ಷ ತೆಗೆದುಕೊಳ್ಳಬೇಕು, ಕೆಲಸ ಮುಟ್ಟಬಾರದು. ಮಧ್ಯೆ ಬಿಟ್ಟರೆ ರೋಗ ತಿರುಗಿ ಬರುತ್ತದೆ, ಆಗ ಅದನ್ನು ಹಿಡಿಯಲು ಯಾರ ಕೈಲೂ ಆಗುವುದಿಲ್ಲ.

"ಭಯ ಬೇಡ ಮಾ. ಶ್ವಾಸಕೋಶ ಚೆನ್ನಾಗಿದೆ, ಕಫದಲ್ಲಿ ಏನೂ ಇಲ್ಲ. ನಿನ್ನಿಂದ ಯಾರಿಗೂ ಅಂಟೋದಿಲ್ಲ. ಮನೇಲಿ ಎಲ್ಲರ ಜೊತೆ ಇರಬಹುದು."

"ಉಳ ಎತ್ತಾಕ್ವಾಗ, ಅದ್ರ ರೋಗ ಎದೇಲದೆಯೋ ಪುಪ್ಪುಸದಲ್ಲದೆಯೋ ಅಂತ ನೋಡ್ತೀವಾ ಸಾ?" ಎಂದು ಅವಳು ಕೇಳಿದಳು.

ಡಾಕ್ಟರಿಗೆ ಆ ಮಾತು ಅರ್ಥವಾಗಲಿಲ್ಲ. ಗಂಡನಿಗೆ ಅರ್ಥವಾಯಿತು. ದಾರಿಯುದ್ದಕ್ಕೂ ಅವರು ಎತ್ತಿನ ಜೊತೆ ಮಾತ್ರ ಮಾತಾಡಿದರು.

ಆ ಕಾಲದಲ್ಲಿ ಕ್ಷಯ ಅಂದರೆ ಜನ ಮುಚ್ಚಿಡುತ್ತಿದ್ದರು. ಮನೆಯವರು ಆಚೆ ಹಾಕಿಯಾರು, ಊರು ದೂರ ಇಟ್ಟೀತು ಎಂಬ ಭಯ. ಇವಳು ಗಾಡಿಯಿಂದ ಇಳಿದವಳೇ ಬೀದಿಗೆ ಕೇಳುವ ಹಾಗೆ ಹೇಳಿದಳು. "ನನ್ಗೆ ಕ್ಸಯ ಬಂದದೆ. ಒಳಿಕ್ ಬರಲ್ಲ." ಅತ್ತೆ ಬಾಗಿಲಲ್ಲಿ ನಿಂತು ಅಳತೊಡಗಿದಳು.

"ಡಾಕ್ಟ್ರೇ ಅಂಟಲ್ಲ ಅಂದವ್ರಂತೆ. ಒಳಿಕ್ ಬಾ ಅಮ್ಮಿ."

"ರೋಗದ್ ಉಳ ತಟ್ಟೇಲಿರ್ಬೋದಾ ಅತ್ತೆ?"

"ನೀನ್ ಉಳ್ವ?"

"ಮತ್ತೆ? ನಿಮ್ ಮಗ ನನ್ಗೂ ಸೊಪ್ಪಾಕ್ತಾ ಇಲ್ವಾ?"

ಹಾಗೆ ಹೇಳಿ ಗಾಡಿ ನಿಲ್ಲಿಸುವ ಕೊಟ್ಟಿಗೆಗೆ ಹೋಗಿ ಮಂಚ ಹಾಕಿಸಿಕೊಂಡಳು. ಸೊಪ್ಪು ಇಡುವ ಕೋಣೆ ಇನ್ನೂ ಚೆನ್ನಾಗಿತ್ತು. ಆದರೆ ಅಲ್ಲಿಂದ ರೋಗ ಸೊಪ್ಪಿಗೆ ಹೋಗಿ, ಸೊಪ್ಪಿನಿಂದ ಹುಳಕ್ಕೆ ಹೋದರೆ? ಎಲ್ಲ ಯೋಚನೆ ಮಾಡಿಯೇ ಕೊಟ್ಟಿಗೆ ಆರಿಸಿದ್ದಳು. ಇನ್ನೊಂದು ಕಾರಣ ಆಮೇಲೆ ಗೊತ್ತಾಯಿತು. ಕೊಟ್ಟಿಗೆಗೂ ಹುಳದ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ.

ಹುಳ ಸೊಪ್ಪು ತಿನ್ನುವ ಸದ್ದು ಕೇಳಿದ್ದೀರಾ? ನಾಲ್ಕನೇ ಜ್ವರ ಎದ್ದ ಮೇಲೆ ಸಾವಿರಗಟ್ಟಲೆ ಹುಳ ಒಟ್ಟಿಗೆ ತಿಂದರೆ ಸೋನೆ ಮಳೆ ತರಗೆಲೆ ಮೇಲೆ ಬಿದ್ದ ಹಾಗೆ ಸರಸರ ಅನ್ನುತ್ತದೆ. ಅವಳು ಮಂಚವನ್ನು ಗೋಡೆಗೆ ತಾಗಿಸಿ, ಕಿವಿಯನ್ನು ಗೋಡೆಗೆ ಕೊಟ್ಟು ಮಲಗಿಕೊಂಡೇ ಹುಳದ ಮನೆ ನಡೆಸಿದಳು. ಒಳಗೆ ಗಂಡ.

"ಏನೂಂದ್ರೆ, ಬಾಗ್ಲ ತಾವ್ಲಿನ ತಟ್ಟೇಲಿ ಸೊಪ್ಪು ಮುಗ್ದದೆ."

"ಈಗಿನ್ನೂ ಆಕಿವ್ನಿ ಕಣಮ್ಮಿ."

"ಎಲ್ಗಾಕುದ್ರಿ? ತೇವದ ಸೊಪ್ಪು ಆಕಿದ್ದೀರಿ, ಸದ್ದು ಮೆತ್ತಗದೆ. ಅರವಿ ತಕಂಡು ಒರಸ್ರಿ."

"ಎಲೆ ಎಲೆನೂ ಒರಸ್ಲಾ?"

"ನೀವ್ ಮಕ ಒರಸ್ಕತೀರಲ್ಲ, ಅಂಗೇ."

ಗೋಡೆಯ ಆಚೆಯಿಂದ ಎಲೆಯ ತೇವ ಕೇಳುತ್ತದೆಯೇ ಎಂದು ನಾನೊಮ್ಮೆ ಅವಳ ಗಂಡನನ್ನು ಕೇಳಿದೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು. "ಎಲ್ ಕೇಳ್ತದೆ ಮೊಗ. ಅಂದಾಜ್ ಮ್ಯಾಲೆ ಬಯ್ತಿದ್ಲು. ನಾನ್ ಯಾವಾಗ್ಲೂ ಏನಾರ ತಪ್ ಮಾಡಿರ್ತಿದ್ದೆ, ಸರಿಯೋಯ್ತಿತ್ತು."

ಸೂಜಿ ಹಾಕಲು ಕೊಳ್ಳೇಗಾಲದಿಂದ ಕಾಂಪೌಂಡರು ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರಿಗೂ ಬಾನಿ, ಅವರಿಗೂ ಸುಣ್ಣ.

"ನಾನು ಹುಳದ ಮನೆಗೆ ಹೋಗಲ್ವಲ್ಲಮ್ಮಾ" ಎಂದರೆ, "ನನ್ನ ತಾವ್ಲಿಂದ ಎದ್ದು ಅದ್ರ ಬಾಗ್ಲ ಮುಂದ್ಲೇ ಓಯ್ತೀರಲ್ಲ, ತೊಳೀರಿ" ಎನ್ನುತ್ತಿದ್ದಳು. ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ. ಕಾಂಪೌಂಡರ ಹಿಮ್ಮಡಿಯ ಒಡಕು ಆ ವರ್ಷ ಪೂರ್ತಿ ವಾಸಿಯಾಯಿತಂತೆ.

ಡಾಕ್ಟರು ವಾರಕ್ಕೊಮ್ಮೆ ತಾವೇ ಬರುತ್ತಿದ್ದರು. ಆ ಸೂಜಿಯಿಂದ ಕೆಲವರಿಗೆ ಕಿವಿ ಮಂದವಾಗುತ್ತಿತ್ತು. ಪ್ರತಿ ವಾರವೂ ಅವರು ವಿಚಾರಿಸುವುದು, "ಕಿವಿ ಹೇಗಿದೆ ಮಾ? ಸರಿಯಾಗಿ ಕೇಳಿಸುತ್ತಾ?"

"ನಿಮ್ ಕಾಂಪೋಂಡ್ರು ಸೈಕಲ್ ಚೈನು ಎಣ್ಣೆ ಕಂಡಿಲ್ಲ ಅನ್ನದು ಊರ ಬಾಗ್ಲಿಂದ್ಲೇ ಕೇಳ್ತದೆ ಸಾ. ನನ್ ಕಿವಿ ಬುಡಿ, ಅದುಕ್ಕೊಂಚೂರು ಎಣ್ಣೆ ಬುಡ್ಸಿ."

ಒಂದು ವಾರ ಡಾಕ್ಟರು ಎದೆಗೆ ಕೊಳವೆ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಏನು ಎಂದು ಅವಳು ಕಣ್ಣಲ್ಲೇ ಕೇಳಿದಳು. ಅವರು ಕೊಳವೆಯ ತುದಿಗಳನ್ನು ತಮ್ಮ ಕಿವಿಯಿಂದ ತೆಗೆದು ಅವಳ ಕಿವಿಗೆ ಇಟ್ಟರು. ಅವಳು ಉಸಿರು ಹಿಡಿದು ಕೇಳಿದಳು. ಒಳಗೆ ಸರಸರ, ಸರಸರ.

"ಉಳ ಸೊಪ್ಪು ತಿಂತಾ ಅವೆ" ಅಂದಳು.

ಅದು ಹೃದಯ ಮತ್ತು ಚೀಲ ಒಂದಕ್ಕೊಂದು ಉಜ್ಜುವ ಸದ್ದು, ನಡುವಿನ ನೀರು ಕಮ್ಮಿಯಾಗಿ ಅವು ಈಗ ತಾಗುತ್ತಿವೆ ಎಂದು ಡಾಕ್ಟರು ವಿವರಿಸಿದರು. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಹುಳದ ಮನೆಯ ಸದ್ದು ಗೋಡೆಯ ಆ ಕಡೆಯಿಂದ ತನ್ನ ಎದೆಗೆ ಬಂದು ಸೇರಿದೆ ಅಂತಲೇ ಅವಳ ಲೆಕ್ಕ. ಹಾಗಾಗಿ ಮೂರು ವಾರದ ಮೇಲೆ, "ಆ ಸದ್ದು ನಿಂತಿದೆ, ಈಗ ಹೃದಯ ಚೆನ್ನಾಗಿ ಬಡೀತಾ ಇದೆ, ಬಹಳ ಒಳ್ಳೇದು" ಎಂದು ಡಾಕ್ಟರು ಖುಷಿಪಟ್ಟಾಗ ಇವಳ ಮುಖ ಬಿಳಿಚಿಕೊಂಡಿತು. ಸೊಪ್ಪು ತಿನ್ನುವುದು ನಿಲ್ಲಿಸಿದ ಹುಳಕ್ಕೆ ಒಂದೋ ಜ್ವರ, ಇಲ್ಲವೋ ಸಾವು. ಡಾಕ್ಟರು ಕೊಳವೆಯನ್ನು ಮತ್ತೆ ಅವಳ ಕಿವಿಗಿಟ್ಟು ಲಬ್ ಡಬ್ ಕೇಳಿಸಿ ಸಮಾಧಾನ ಮಾಡಬೇಕಾಯಿತು. "ಇದೇನ್ ಸಾ, ಕಲ್ಲಲ್ಲಿ ಬತ್ತ ಕುಟ್ದಂಗದೆ. ಮೊದ್ಲುದ್ದೇ ಚೆನಾಗಿತ್ತು."

ನಿಜವಾದ ಪರೀಕ್ಷೆ ಅದಾದ ಮೇಲೆ ಬಂತು. ಅವಳಿಗೆ ಜ್ವರ ನಿಂತಿತ್ತು, ಕಾಲಿನ ಊತ ಇಳಿದಿತ್ತು, ಅನ್ನ ರುಚಿಸುತ್ತಿತ್ತು. ಔಷಧಿಯ ವರ್ಷದಲ್ಲಿ ಇನ್ನೂ ಮುಕ್ಕಾಲು ಪಾಲು ಬಾಕಿ ಇತ್ತು. ಒಳಗೆ ಹುಳ ನಾಲ್ಕನೇ ಜ್ವರ ಎದ್ದು ಜೋರಾಗಿ ತಿನ್ನುತ್ತಿದ್ದವು. ಇನ್ನು ಐದಾರು ದಿನ ಕಳೆದರೆ ಹಣ್ಣಾಗಿ ಗೂಡು ಕಟ್ಟುತ್ತವೆ. ಒಂದು ಬೆಳಿಗ್ಗೆ ಗೋಡೆಗೆ ಕಿವಿ ಕೊಟ್ಟವಳಿಗೆ ಮಳೆ ಅಲ್ಲಲ್ಲಿ ನಿಂತು ನಿಂತು ಬಿದ್ದ ಹಾಗೆ ಕೇಳಿತು.

"ಏನೂಂದ್ರೆ, ಆಲುಳ ಬಿದ್ದವಾ?"

ಒಳಗೆ ಗಂಡ ತಟ್ಟೆ ಸರಿಸುವ ಸದ್ದಷ್ಟೇ ಬಂತು. ಅಂದರೆ ಹಾಲು ಹುಳ ಬಿದ್ದಿದ್ದವು.

ಅತ್ತೆ ಓಡಿಬಂದಳು. "ಒಳಿಕ್ ಬಾ ಅಮ್ಮಿ, ನಿನ್ ಕಾಲ್ ಇಡ್ಕತೀನಿ. ಅವನ್ಗೆ ಯಾವ್ದು ರೋಗದ್ದು ಯಾವ್ದು ಒಳ್ಳೇದು ಅಂತ ಒಂದೂ ತಿಳೀತಿಲ್ಲ. ಈ ಬೆಳೆ ಓದ್ರೆ ತಟ್ಟೆ ತೊಳ್ದು ಇಡದೇಯ."

ಆವತ್ತು ಕಾಂಪೌಂಡರ ಜೊತೆ ಡಾಕ್ಟರೂ ಬರುವ ದಿನ. ಬಂದವರು ಕಾಲು ತೊಳೆಯುವಷ್ಟರಲ್ಲಿ ಇವಳು ಮಂಚದಿಂದ ಎದ್ದು ನಿಂತಿದ್ದಳು, ಸೀರೆ ಎತ್ತಿ ಕಟ್ಟಿದ್ದಳು.

"ಸಾ, ಜ್ವರ ಇಲ್ಲ, ಊತ ಇಲ್ಲ, ಸರಸರ ಅನ್ನದೂ ನಿಂತದೆ. ಇವತ್ಗೆ ಸೂಜಿ ಸಾಕು. ವಾಸಿ ಆಯ್ತು ಅಂದ್ಬುಡಿ, ನಾನ್ ಒಳಿಕ್ ಓಯ್ತೀನಿ."

"ಒಳಗೆ ಹೋಗು ಅಂತ ಮೊದಲ ದಿನವೇ ಹೇಳಿದ್ದೀನಿ. ನಿಂತು ನೋಡಿ ಹೇಳು, ಕುಕ್ಕೆ ಹೊರಬೇಡ. ಸೂಜಿ ಮಾತ್ರ ಬೇಡ ಅನ್ನಬಾರದು."

"ಸೂಜಿ ಇರಗಂಟ ರೋಗ ಅದೆ ಅಂತ ತಾನೇ ಸಾ? ರೋಗ ಇರಗಂಟ ಒಳಿಕ್ ಓಗಂಗಿಲ್ಲ. ಅದುಕ್ಕೇ ಸೂಜಿ ನಿಲ್ಸಿ ಅಂತಿರದು."

ಅತ್ತೆ ಕೈಮುಗಿದು ನಿಂತಿದ್ದಳು. ಗಂಡ ಹುಳದ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದರು. ವಾಸಿ ಅಂದರೆ ಅವಳು ಔಷಧಿ ಬಿಡುತ್ತಾಳೆ, ಬಿಟ್ಟರೆ ಉಳಿಯುವುದಿಲ್ಲ. ವಾಸಿಯಾಗಿಲ್ಲ ಅಂದರೆ ಬೆಳೆ ಹೋಗುತ್ತದೆ. ಡಾಕ್ಟರು ಗಾಡಿಯ ಮೂಕಿ ಮೇಲೆ ಕೂತು ಸ್ವಲ್ಪ ಯೋಚಿಸಿದರು.

"ಅಮ್ಮಾ, ನನಗೆ ಹುಳದ ವಿಷಯ ತೆರಿಯಾದು. ಒಂದು ಕೇಳ್ತೀನಿ. ತಟ್ಟೆಯಲ್ಲಿ ಕಂಡ ರೋಗದ ಹುಳವೆಲ್ಲ ಎತ್ತಿಹಾಕಿದೆ ಅಂತ ಇಟ್ಕೋ. ಉಳಿದದ್ದೆಲ್ಲ ನೋಡೋದಕ್ಕೆ ಚೆನ್ನಾಗಿದೆ, ಸೊಪ್ಪು ತಿಂತಾ ಇದೆ. ಆಗ ರೋಗ ಹೋಯ್ತು ಅಂತ ಕೈ ತೊಳ್ಕೊಂಡು ಮಲಗ್ತೀಯಾ?"

"ಅದೆಂಗ್ ಮನಿಕತಾರೆ ಸಾ? ಕಣ್ತಪ್ಪಿ ಒಂದು ಉಳ ಉಳ್ಕಂಡಿದ್ರೂ..."

ಅಲ್ಲಿಗೆ ನಿಂತಳು.

"ಹೇಳು ಮಾ. ಒಂದು ಹುಳ ಉಳ್ಕೊಂಡಿದ್ದರೆ?"

ಅವಳು ಮಾತಿನಲ್ಲಿ ಸೋತದ್ದನ್ನು ನಮ್ಮ ಊರು ಕಂಡದ್ದು ಅದೊಂದೇ ಸಲ. ಅತ್ತೆ ಸಾಯುವವರೆಗೂ ಆ ದಿನವನ್ನು ಹಬ್ಬದಂತೆ ನೆನೆಯುತ್ತಿದ್ದಳಂತೆ. ಇವಳು ಎತ್ತಿಕಟ್ಟಿದ ಸೀರೆ ಇಳಿಸಿದಳು, ಮಂಚದ ಮೇಲೆ ಕೂತಳು, ತೋಳು ಮುಂದೆ ಚಾಚಿದಳು.

"ಕಾಂಪೋಂಡ್ರೇ, ಸೂಜಿ ಆಕಿ."

ಆಮೇಲೆ ಬೆಳೆ ಉಳಿಸುವ ಕೆಲಸ. ಅವಳು ಕೊಟ್ಟಿಗೆಯ ಬಾಗಿಲಲ್ಲಿ ಮಂಚ ಹಾಕಿಸಿಕೊಂಡಳು. ಗಂಡ ಅಂಗಳದ ಆ ತುದಿಯಲ್ಲಿ ನಿಂತು ಒಂದೊಂದೇ ಹುಳವನ್ನು ಎಲೆಯ ಮೇಲೆ ಇಟ್ಟು ಬಿಸಿಲಿಗೆ ಹಿಡಿಯಬೇಕು. ಇವಳು ಈ ತುದಿಯಿಂದ ನೋಡಿ "ಆಚ್ಗೆ", "ಒಳಿಕ್ಕೆ" ಅನ್ನಬೇಕು. ಒಂದು ಐವತ್ತು ಹುಳ ಆಗುವಷ್ಟರಲ್ಲಿ ಗಂಡನಿಗೇ ಗೊತ್ತಾಗತೊಡಗಿತು. ಬಿಸಿಲಿಗೆ ಹಿಡಿದರೆ ಒಳ್ಳೆಯ ಹುಳದ ಮೈ ತಿಳಿಯಾಗಿ ಕಾಣುತ್ತದೆ, ರೋಗದ್ದು ಮಜ್ಜಿಗೆಯ ಹಾಗೆ ಕದಡಿರುತ್ತದೆ. ಇಷ್ಟು ವರ್ಷ ಅವಳು ಹೇಳಿಕೊಟ್ಟಿರಲಿಲ್ಲವೋ, ಇವರು ಕೇಳಿಸಿಕೊಂಡಿರಲಿಲ್ಲವೋ, ಅದರಲ್ಲಿ ಮತ್ತೆ ಎರಡು ಕಥೆ.

ಎಲ್ಲ ತಟ್ಟೆ ಮುಗಿಯಿತು ಅಂದುಕೊಂಡಾಗ ಅತ್ತೆ ಒಳಗಿನ ಕತ್ತಲೆ ಮೂಲೆಯಿಂದ ಇನ್ನೊಂದು ಸಣ್ಣ ತಟ್ಟೆ ತಂದಳು. ಅದರ ತುಂಬ ರೋಗದ ಹುಳ. ಅವಕ್ಕೆ ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿತ್ತು. ಮೂರು ತಿಂಗಳಿಂದಲೂ ಗಂಡ ಬೆಳೆ ಬೆಳೆಯಲ್ಲೂ ರೋಗದ ಹುಳವನ್ನು ಆಚೆಗೆ ಹಾಕದೆ, ಅಲ್ಲೇ ಮೂಲೆಯಲ್ಲಿ ಬೇರೆ ಇಟ್ಟು ಸಾಕುತ್ತಿದ್ದರು. ರೋಗ ಹಬ್ಬಿದ್ದು ಅಲ್ಲಿಂದಲೇ.

"ಇದೇನ್ರೀ ಇದು?"

ಗಂಡ ಅಂಗಳದ ಆ ತುದಿಯಿಂದಲೇ ಹೇಳಿದರು. "ನಿನ್ನಂಗೇ ಅವುನ್ನೂ ಆಚ್ಗಾಕ್ಬೇಕಲ್ಲ ಅಂತ... ಕೈ ಬರ್ನಿಲ್ಲ ಕಣಮ್ಮಿ."

ಅವಳು ಹೇಳುವ ಪ್ರಕಾರ, ಅದಕ್ಕೆ ಅವಳು ಅವರ ಮೂರು ತಲೆಮಾರನ್ನು ಜಾಲಾಡಿಸಿ ಬೈದಳು. ಗಂಡ ಹೇಳುವ ಪ್ರಕಾರ, ಅವಳು ಬೈಯಲೇ ಇಲ್ಲ, ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಭಯ ಇದ್ದರೂ ಈ ಒಂದು ಕಡೆ ನಾನು ಗಂಡನ ಮಾತನ್ನೇ ನಂಬುತ್ತೇನೆ. ಯಾಕೆಂದರೆ ಆ ತಟ್ಟೆಯನ್ನು ಆವತ್ತು ಆಚೆಗೆ ಚೆಲ್ಲಿ ಬಂದವರು ಅವರೇ. ಯಾರೂ ಹೇಳುವ ಮೊದಲೇ.

ಅರ್ಧ ಬೆಳೆ ಉಳಿಯಿತು. ಅವಳು ವರ್ಷ ಪೂರ್ತಿ ಸೂಜಿ ಹಾಕಿಸಿಕೊಂಡಳು, ಪುಡಿ ನುಂಗಿದಳು, ಒಂದು ದಿನವೂ ತಪ್ಪಿಸಲಿಲ್ಲ. ಒಳಕ್ಕೆ ಒಂದು ದಿನವೂ ಹೋಗಲಿಲ್ಲ. ಕೊನೆಯ ದಿನ ಡಾಕ್ಟರು ಬಂದು, "ಈಗ ನಾನೇ ಹೇಳ್ತೀನಿ, ವಾಸಿ" ಅಂದರು.

"ಅಂಗಲ್ಲ ಸಾ. ಬೆಳೆ ಮುಗುದ್ ಮ್ಯಾಲೆ ಸುಣ್ಣ ಬಳೀಬೇಕಲ್ಲ. ರೋಗ ಇದ್ದ ಜಾಗ ಅದು. ಎದೆ ಒಳಿಕ್ಕೆ ಒಂದು ಕೈ ಬಳ್ಯಕ್ ಆಗದಿಲ್ವಾ?"

"ಅದೊಂದು ನಮ್ಮ ಕೈಲಿ ಆಗೋದಿಲ್ಲ ಮಾ" ಎಂದು ಡಾಕ್ಟರು ಮೊದಲ ಸಲ ನಕ್ಕರಂತೆ.

ಅವಳು ಹುಳದ ಮನೆಯ ಬಾಗಿಲಿಗೆ ಬಂದಾಗ ಅತ್ತೆ ಬಾನಿಯ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಒಂದು ಸಲ ತೊಳೆದರೆ ಸಾಲದು ಅಂದಳು. ಎರಡು ಸಲ ತೊಳೆದರೆ ಹಿಮ್ಮಡಿ ಬಿಟ್ಟಿದ್ದೀಯ ಅಂದಳು. ಮೂರನೇ ಸಲಕ್ಕೆ ಬೆರಳಿನಿಂದ ಕೆರೆದು ನೋಡಿ ಒಳಕ್ಕೆ ಬಿಟ್ಟಳು.

ಸುಮಾರು ಇಪ್ಪತ್ತು ವರ್ಷದ ಹಿಂದೆ, ಅತ್ತೆಯೂ ಗಂಡನೂ ಹೋದ ಮೇಲೆ, ಅಜ್ಜಿಗೆ ಬಿಡದ ಕೆಮ್ಮು ಬಂತು ಅಂತ ನನ್ನ ಕಾರಿನಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿದ್ದೆ. ಎಕ್ಸ್‌ರೇ ತೆಗೆಸಿದರು. ಕೆಮ್ಮಿಗೆ ದೊಡ್ಡ ಕಾರಣ ಏನೂ ಇರಲಿಲ್ಲ, ಬರೀ ಧೂಳು. ಆದರೆ ಅಲ್ಲಿದ್ದ ಹುಡುಗ ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದವರು ಇಳಿಸಲೇ ಇಲ್ಲ.

"ಅಜ್ಜಿಗೆ ಹಿಂದೆ ಯಾವಾಗಲಾದರೂ ಟಿಬಿ ಆಗಿತ್ತಾ? ಹೃದಯದ ಸುತ್ತ ನೋಡಿ, ಬೆಳ್ಳಗೆ. ವಾಸಿಯಾದ ಮೇಲೆ ಆ ಚೀಲಕ್ಕೆ ಸುಣ್ಣ ಕೂತಿದೆ. ಇಷ್ಟು ಇದ್ದೂ ಹೃದಯಕ್ಕೆ ತೊಂದರೆ ಕೊಟ್ಟಿಲ್ಲ ಅನ್ನೋದೇ ಆಶ್ಚರ್ಯ."

ನನಗೆ ಗಾಬರಿಯಾಯಿತು. ಹುಳಕ್ಕೆ ಸುಣ್ಣಕಟ್ಟು ಅಂತ ಒಂದು ರೋಗ ಇದೆ. ಹುಳ ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆದು ಸಾಯುತ್ತದೆ. ಅಜ್ಜಿ ಅದೇ ಅಂದುಕೊಂಡು ಎದೆಯೊಡೆದುಕೊಂಡರೆ ಏನು ಮಾಡುವುದು? ಅವಳು ಫಿಲಂ ಕಿತ್ತುಕೊಂಡು ಕಿಟಕಿಯ ಹತ್ತಿರ ಹೋದಳು. ತೋಳು ನೀಡಿ ಬಿಸಿಲಿಗೆ ಹಿಡಿದಳು. ಕಣ್ಣು ಕಿರಿದು ಮಾಡಿ, ತಿರುಗಿಸಿ ತಿರುಗಿಸಿ ನೋಡಿದಳು.

"ಸುಣ್ಣಕಟ್ಟು ಅಲ್ಲ ತಾನೇ ಅಜ್ಜಿ?" ಎಂದೆ.

"ಥೂ ನಿನ್ನ. ಸುಣ್ಣಕಟ್ಟು ಆದ್ ಉಳ ಮಾರ್ನೇ ದಿನ್ಕೇ ಕಲ್ಲಾಯ್ತದೆ. ನಾನು ಐವತ್ ವರ್ಸ ಓಡಾಡ್ನಿಲ್ವಾ? ಇದು ಬಳ್ದಿರ ಸುಣ್ಣ ಕಣ್ಲಾ." ಬೆರಳಿನಿಂದ ಆ ಬಿಳಿ ಗೆರೆಯ ಮೇಲೆ ಸುತ್ತಲೂ ಎಳೆದಳು, ಮೂಲೆ ಬಿಟ್ಟಿದ್ದಾರಾ ಅಂತ ನೋಡುವವಳ ಹಾಗೆ. "ಆ ಡಾಕ್ಟ್ರು ಆಗದಿಲ್ಲ ಅಂದಿದ್ರು. ಎಂಗ್ ಬಳ್ದವ್ರೆ ನೋಡು. ಇನ್ ಇದ್ರೊಳಗೆ ಒಂದು ಉಳನೂ ಉಳ್ದಿರದಿಲ್ಲ ಬುಡು."